ನಿತ್ಯಪುಷ್ಪ

ನಿತ್ಯಪುಷ್ಪವು ಅಪೋಸೈನೇಸಿ ಕುಟುಂಬಕ್ಕೆ, ಅಂದರೆ ಕಣಗಿಲೆಯ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಹೂಗಿಡ. ಇದರ ಸಸ್ಯಶಾಸ್ತ್ರೀಯ ಹೆಸರು ಕ್ಯಾಥರಾಂಥಸ್ ರೋಸಿಯಸ್. ಮಡಗಾಸ್ಕರ್ ದ್ವೀಪವು ಇದರ ತವರು. ಇಂದು ಉಷ್ಣವಲಯದ ಬಹುತೇಕ ಎಲ್ಲ ದೇಶಗಳಲ್ಲಿ ಇದು ಮನೆಯಂಗಳದ ಹೂವಾಗಿಯೂ ಪಾಳುಭೂಮಿಯ ಕಾಡುಗಿಡವಾಗಿಯೂ ಬೆಳೆಯುತ್ತದೆ. ಕರ್ನಾಟಕದಲ್ಲಿ ಕಾಂಪೌಂಡಿನ ಅಂಚು, ದೇವಸ್ಥಾನದ ಆವರಣ, ಉದ್ಯಾನವನ, ರಸ್ತೆಯ ಬದಿ ಹೀಗೆ ಎಲ್ಲೆಡೆ ಬಿಳಿ ಅಥವಾ ಗುಲಾಬಿ ಬಣ್ಣದ ಇದರ ಐದೆಸಳಿನ ಹೂಗಳನ್ನು ಕಾಣಬಹುದು. ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಸುವ ವಿನ್‌ಕ್ರಿಸ್ಟೀನ್ ಮತ್ತು ವಿನ್‌ಬ್ಲಾಸ್ಟೀನ್ ಎಂಬ ಔಷಧಗಳು ದೊರೆತದ್ದು ಈ ಗಿಡದಿಂದಲೇ.

ನಿತ್ಯಪುಷ್ಪವನ್ನು ಮುಖ್ಯವಾಗಿ ಬೀಜದಿಂದ ಬೆಳೆಸುತ್ತಾರೆ. ಗೋಡೆಯ ಸಂದಿಯಲ್ಲಿ, ಕಲ್ಲುಚಪ್ಪಡಿಯ ನಡುವೆ ಯಾರೂ ಬಿತ್ತದೆಯೇ ಹುಟ್ಟುವ ಈ ಗಿಡದ ಬೀಜ ಕುಂಡದಲ್ಲಿ ಬಿತ್ತಿದಾಗ ಅನೇಕ ಸಲ ಮೊಳೆಯುವುದಿಲ್ಲ. ಮೊಳೆತರೂ ಸಸಿಗಳು ಬುಡ ಕೊಳೆತು ಬೀಳುತ್ತವೆ. ಬೀಜಕ್ಕೆ ಕತ್ತಲೆ ಬೇಕು, ಮಣ್ಣು ಬೆಚ್ಚಗಿರಬೇಕು, ನೀರು ಮಿತವಾಗಿರಬೇಕು ಎಂಬ ಮೂರು ಸಂಗತಿಗಳನ್ನು ಗಮನಿಸದಿರುವುದೇ ಇದಕ್ಕೆ ಸಾಮಾನ್ಯ ಕಾರಣ.

## ಹೆಸರುಗಳು

ವರ್ಷದ ಎಲ್ಲ ತಿಂಗಳುಗಳಲ್ಲೂ ಹೂ ಬಿಡುವುದರಿಂದ ನಿತ್ಯಪುಷ್ಪ, ಸದಾಪುಷ್ಪ ಎಂಬ ಹೆಸರುಗಳು ಬಂದಿವೆ. ಕನ್ನಡದಲ್ಲಿ ಇದನ್ನು ಕಾಶಿಕಣಗಿಲೆ, ತುರುಕುಮಲ್ಲಿಗೆ ಎಂದೂ ಕರೆಯುತ್ತಾರೆ. ಹಿಂದಿಯಲ್ಲಿ ಸದಾಬಹಾರ್, ಮರಾಠಿಯಲ್ಲಿ ಸದಾಫುಲಿ, ತಮಿಳಿನಲ್ಲಿ ನಿತ್ಯಕಲ್ಯಾಣಿ, ತೆಲುಗಿನಲ್ಲಿ ಬಿಳ್ಳ ಗನ್ನೇರು ಎಂಬ ಹೆಸರುಗಳಿವೆ. ಸ್ಮಶಾನಗಳಲ್ಲಿ ಹೇರಳವಾಗಿ ಬೆಳೆಯುವುದರಿಂದ ಮಲಯಾಳಂನಲ್ಲಿ ಇದಕ್ಕೆ ಶವನಾರಿ ಎಂಬ ಹೆಸರೂ ಉಂಟು.

ಕ್ಯಾಥರಾಂಥಸ್ ಎಂಬುದು ಶುದ್ಧ ಮತ್ತು ಹೂ ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದಾದ ಹೆಸರು. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 1759ರಲ್ಲಿ ಈ ಗಿಡಕ್ಕೆ ವಿಂಕಾ ರೋಸಿಯಾ ಎಂದು ಹೆಸರಿಟ್ಟಿದ್ದನು. ಬ್ರಿಟನ್ನಿನ ಜಾರ್ಜ್ ಡಾನ್ 1837ರಲ್ಲಿ ಇದನ್ನು ಕ್ಯಾಥರಾಂಥಸ್ ಜಾತಿಗೆ ಸೇರಿಸಿದನು. ಬೀಜದ ಅಂಗಡಿಗಳಲ್ಲಿ ಮತ್ತು ನರ್ಸರಿಗಳಲ್ಲಿ ಈಗಲೂ ವಿಂಕಾ ಎಂಬ ಹಳೆಯ ಹೆಸರೇ ಬಳಕೆಯಲ್ಲಿದೆ. ಯುರೋಪಿನ ತಂಪು ಪ್ರದೇಶಗಳಲ್ಲಿ ನೆಲದ ಮೇಲೆ ಹಬ್ಬಿ ನೀಲಿ ಹೂ ಬಿಡುವ ವಿಂಕಾ ಜಾತಿಯ ಬಳ್ಳಿಗಳು ಬೇರೆ. ಅವುಗಳ ಬೇಸಾಯಕ್ರಮವೂ ಬೇರೆ. ಆದ್ದರಿಂದ ಬೀಜದ ಪೊಟ್ಟಣವನ್ನು ಕೊಳ್ಳುವಾಗ ಸಸ್ಯಶಾಸ್ತ್ರೀಯ ಹೆಸರನ್ನು ನೋಡಿಕೊಳ್ಳುವುದು ಒಳ್ಳೆಯದು.

## ಮೂಲ ಮತ್ತು ಪ್ರಸಾರ

ಕ್ಯಾಥರಾಂಥಸ್ ಜಾತಿಯಲ್ಲಿ ಎಂಟು ಪ್ರಭೇದಗಳಿವೆ. ಅವುಗಳಲ್ಲಿ ಏಳು ಮಡಗಾಸ್ಕರ್‌ನವು. ಉಳಿದ ಒಂದು, ಕ್ಯಾಥರಾಂಥಸ್ ಪುಸಿಲಸ್, ಭಾರತ ಮತ್ತು ಶ್ರೀಲಂಕಾಗಳಲ್ಲಿ ಸಹಜವಾಗಿ ಬೆಳೆಯುವ, ಚಿಕ್ಕ ಬಿಳಿ ಹೂಗಳ ವಾರ್ಷಿಕ ಸಸ್ಯ. ನಮ್ಮ ತೋಟಗಳ ನಿತ್ಯಪುಷ್ಪವು ಭಾರತದ ಮೂಲನಿವಾಸಿಯಲ್ಲ. ಹೊರಗಿನಿಂದ ಬಂದು ಇಲ್ಲಿ ನೆಲೆಗೊಂಡ ಸಸ್ಯ.

ಈ ಗಿಡವು ಯುರೋಪಿನ ತೋಟಗಳನ್ನು ಸೇರಿದ್ದು ಬೀಜದ ರೂಪದಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಮಡಗಾಸ್ಕರ್‌ನಿಂದ ಪ್ಯಾರಿಸ್ಸಿಗೆ ಬಂದ ಬೀಜಗಳನ್ನು ಫ್ರಾನ್ಸಿನ ರಾಜೋದ್ಯಾನದಲ್ಲಿ ಬಿತ್ತಿದರು. ಅಲ್ಲಿಂದ ಪಡೆದ ಬೀಜದಿಂದ ಲಂಡನ್ನಿನ ಚೆಲ್ಸಿ ಔಷಧಿ ತೋಟದ ಮೇಲ್ವಿಚಾರಕ ಫಿಲಿಪ್ ಮಿಲ್ಲರ್ ಗಿಡಗಳನ್ನು ಬೆಳೆಸಿ ಅವುಗಳ ವಿವರವನ್ನು ಪ್ರಕಟಿಸಿದನು. ಮುಂದೆ ಹಡಗುಮಾರ್ಗಗಳ ಮೂಲಕ ಏಷ್ಯಾ, ಆಫ್ರಿಕಾ ಮತ್ತು ಅಮೆರಿಕ ಖಂಡಗಳಲ್ಲಿ ಇದು ಹರಡಿತು.

## ಸಸ್ಯದ ಲಕ್ಷಣಗಳು

ನಿತ್ಯಪುಷ್ಪವು 30 ಸೆಂ.ಮೀ.ನಿಂದ 1 ಮೀಟರ್‌ವರೆಗೆ ಎತ್ತರವಾಗಿ ಬೆಳೆಯುವ ನೇರ ಗಿಡ. ಎಳೆಯ ಕಾಂಡ ಮೃದುವಾಗಿದ್ದು ವಯಸ್ಸಾದಂತೆ ಬುಡ ಕಟ್ಟಿಗೆಯಂತಾಗುತ್ತದೆ. ಎಲೆಗಳು ಎದುರುಬದುರಾಗಿ ಜೋಡಿಸಿಕೊಂಡಿರುತ್ತವೆ, ಉದ್ದ 2.5ರಿಂದ 9 ಸೆಂ.ಮೀ., ಮೇಲ್ಮೈ ಹೊಳಪಿನ ಕಡು ಹಸಿರು, ನಡುನರ ತಿಳಿಬಣ್ಣದ್ದು. ಗಾಯವಾದ ಕಡೆ ಹಾಲಿನಂತಹ ರಸ ಒಸರುತ್ತದೆ. ಹೂವಿನ ತಳಭಾಗ ಸುಮಾರು 2.5ರಿಂದ 3 ಸೆಂ.ಮೀ. ಉದ್ದದ ಸಪೂರ ಕೊಳವೆ. ಅದರ ತುದಿಯಲ್ಲಿ ಐದು ಎಸಳುಗಳು 2ರಿಂದ 5 ಸೆಂ.ಮೀ. ಅಗಲಕ್ಕೆ ಚಕ್ರದಂತೆ ಹರಡಿಕೊಳ್ಳುತ್ತವೆ. ಹೂವಿನ ನಡುವೆ ಹಲವು ಗಿಡಗಳಲ್ಲಿ ಕೆಂಪು ಅಥವಾ ಹಳದಿ ಬಣ್ಣದ ‘ಕಣ್ಣು’ ಇರುತ್ತದೆ.

ಮಂಜು ಬೀಳದ ಪ್ರದೇಶಗಳಲ್ಲಿ ಗಿಡ ಹಲವು ವರ್ಷ ಬದುಕುತ್ತದೆ. ಹಿಮಗಟ್ಟುವ ಚಳಿಯನ್ನು ಅದು ತಾಳಲಾರದು. ಆದ್ದರಿಂದ ಯುರೋಪ್ ಮತ್ತು ಉತ್ತರ ಅಮೆರಿಕದ ಚಳಿ ಪ್ರದೇಶಗಳಲ್ಲಿ ಇದನ್ನು ಪ್ರತಿವರ್ಷ ಹೊಸದಾಗಿ ಬಿತ್ತಿ, ಬೇಸಗೆಯ ಒಂದೇ ಹಂಗಾಮಿನ ಹೂವಾಗಿ ಬೆಳೆಸುತ್ತಾರೆ.

## ಪರಾಗಸ್ಪರ್ಶ ಮತ್ತು ಬೀಜ

ನಿತ್ಯಪುಷ್ಪದ ಕೇಸರಗಳು ಹೂಕೊಳವೆಯ ಬಾಯಿಯ ಸಮೀಪದಲ್ಲಿವೆ. ಶಲಾಕಾಗ್ರ ಅವುಗಳ ಕೆಳಗಿದೆ. ಪರಾಗವು ಶಲಾಕಾಗ್ರದ ನೆತ್ತಿಯ ಮೇಲೆ ಬಿದ್ದರೂ ಅದನ್ನು ಸ್ವೀಕರಿಸುವ ಭಾಗ ಕೆಳಅಂಚಿನಲ್ಲಿರುವುದರಿಂದ ಅಷ್ಟರಿಂದಲೇ ಕಾಯಿ ಕಟ್ಟುವುದಿಲ್ಲ. ಕೊಳವೆಯ ತಳದಲ್ಲಿರುವ ಮಕರಂದಕ್ಕಾಗಿ ಚಿಟ್ಟೆಗಳು ಮತ್ತು ಪತಂಗಗಳು ಉದ್ದನೆಯ ಸೊಂಡಿಲನ್ನು ಇಳಿಸುತ್ತವೆ. ಸೊಂಡಿಲಿಗೆ ಅಂಟಿದ ಪರಾಗವು ಆಗ ಸರಿಯಾದ ಜಾಗವನ್ನು ತಲುಪುತ್ತದೆ. ಕೆಲವು ತಳಿಗಳಲ್ಲಿ ಮಾತ್ರ ಕೀಟಗಳ ನೆರವಿಲ್ಲದೆಯೂ ಅದೇ ಹೂವಿನ ಪರಾಗದಿಂದ ಕಾಯಿ ಕಟ್ಟುತ್ತದೆ. ಕೀಟಗಳು ಬಾರದ ಎತ್ತರದ ಬಾಲ್ಕನಿಯಲ್ಲಿಟ್ಟ ಗಿಡ ತುಂಬ ಹೂ ಬಿಟ್ಟರೂ ಕಾಯಿಯಿಲ್ಲದೆ ಉಳಿಯುವುದು ಇದರಿಂದಲೇ.

ಪರಾಗಸ್ಪರ್ಶವಾದ ಹೂ ಉದುರಿದ ಬಳಿಕ ಅದರ ಜಾಗದಲ್ಲಿ ಎರಡು ಸಪೂರ ಕಾಯಿಗಳು ಜೋಡಿಯಾಗಿ ಬೆಳೆಯುತ್ತವೆ. ಪ್ರತಿ ಕಾಯಿ 2ರಿಂದ 4 ಸೆಂ.ಮೀ. ಉದ್ದವಿರುತ್ತದೆ. ಬಲಿತಂತೆ ಹಸಿರು ಬಣ್ಣ ಹಳದಿಗೆ ತಿರುಗಿ, ಕಂದಾಗಿ, ಕೊನೆಗೆ ಕಾಯಿ ಒಂದು ಬದಿಯಲ್ಲಿ ಸೀಳಿಕೊಂಡು ಬೀಜವನ್ನು ಉದುರಿಸುತ್ತದೆ. ಬೀಜಗಳು ಕಪ್ಪು ಬಣ್ಣದ, ಒರಟು ಮೈಯ, ಒಂದು ಬದಿಯಲ್ಲಿ ಗೀರಿರುವ ಸಣ್ಣ ಕಾಳುಗಳು. ಒಂದು ಗ್ರಾಂ ತೂಕದಲ್ಲಿ ಸುಮಾರು 700 ಬೀಜಗಳಿರುತ್ತವೆ.

## ಬೀಜ ಸಂಗ್ರಹಣೆ

ಒಂದೇ ಗಿಡದಲ್ಲಿ ಮೊಗ್ಗು, ಹೂ, ಎಳೆಗಾಯಿ, ಒಣಗಾಯಿ ಎಲ್ಲವೂ ಒಟ್ಟಿಗೆ ಇರುತ್ತವೆ. ಆದ್ದರಿಂದ ಬೀಜವನ್ನು ಒಂದೇ ದಿನ ಕೊಯ್ಲು ಮಾಡಲಾಗದು. ಹಳದಿಗೆ ತಿರುಗಿದ, ಇನ್ನೂ ಸೀಳದ ಕಾಯಿಗಳನ್ನು ಎರಡು ಮೂರು ದಿನಗಳಿಗೊಮ್ಮೆ ಬಿಡಿಸಿ ಕಾಗದದ ಲಕೋಟೆಯಲ್ಲಿ ಹಾಕಿ ನೆರಳಿನಲ್ಲಿಟ್ಟರೆ ಅವು ಅಲ್ಲಿಯೇ ಒಣಗಿ ಬಿರಿಯುತ್ತವೆ. ಪೂರ್ತಿ ಹಸಿರಾಗಿರುವ ಕಾಯಿಗಳನ್ನು ಕಿತ್ತರೆ ಬೀಜ ಬಲಿತಿರುವುದಿಲ್ಲ. ಕಾಯಿಗಳ ಗೊಂಚಲಿಗೆ ತೆಳುಬಟ್ಟೆಯ ಚಿಕ್ಕ ಚೀಲ ಕಟ್ಟಿ ಉದುರುವ ಬೀಜವನ್ನು ಹಿಡಿಯುವುದೂ ಉಂಟು.

ಒಣಗಿದ ಬೀಜದಿಂದ ಸಿಪ್ಪೆಯ ಚೂರುಗಳನ್ನು ಊದಿ ತೆಗೆದು, ಗಾಳಿಯಾಡದ ಸೀಸೆಯಲ್ಲಿ ತುಂಬಿ, ತಂಪಾದ ಒಣಜಾಗದಲ್ಲಿ ಇಡಬೇಕು. ಸೀಸೆಯ ಮೇಲೆ ಹೂವಿನ ಬಣ್ಣ ಮತ್ತು ತಿಂಗಳನ್ನು ಬರೆದಿಡುವುದು ಅನುಕೂಲ. ಹಳೆಯದಾದಂತೆ ಬೀಜದ ಮೊಳೆಯುವ ಶಕ್ತಿ ಕುಗ್ಗುವುದರಿಂದ ಆಯಾ ವರ್ಷದ ಹೊಸ ಬೀಜವನ್ನೇ ಬಿತ್ತನೆಗೆ ಬಳಸುವುದು ವಾಡಿಕೆ.

ಮನೆಯಲ್ಲಿ ಸಂಗ್ರಹಿಸಿದ ಬೀಜದಿಂದ ತಾಯಿಗಿಡದ ಬಣ್ಣವೇ ಬರುತ್ತದೆ ಎಂಬ ಖಾತ್ರಿಯಿಲ್ಲ. ಬಿಳಿ ಮತ್ತು ಗುಲಾಬಿ ಗಿಡಗಳು ಹತ್ತಿರ ಬೆಳೆದಾಗ ಚಿಟ್ಟೆಗಳು ಪರಾಗವನ್ನು ಬೆರೆಸುತ್ತವೆ. ಗುಲಾಬಿ ಬಣ್ಣ ಸಾಮಾನ್ಯವಾಗಿ ಬಿಳಿ ಬಣ್ಣದ ಎದುರು ಪ್ರಬಲ ಗುಣವಾದ್ದರಿಂದ, ಬಿಳಿ ಗಿಡದ ಬೀಜದಲ್ಲೂ ಗುಲಾಬಿ ಹೂವಿನ ಸಸಿಗಳು ಹುಟ್ಟಬಹುದು. ಅಂಗಡಿಯಲ್ಲಿ ಕೊಂಡ ಎಫ್-1 ಸಂಕರ ತಳಿಯ ಗಿಡದಿಂದ ಬೀಜ ತೆಗೆದು ಬಿತ್ತಿದರೆ ಮುಂದಿನ ಪೀಳಿಗೆಯ ಗಿಡಗಳು ಎತ್ತರ, ಬಣ್ಣ ಮತ್ತು ಹೂವಿನ ಗಾತ್ರದಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಬಣ್ಣ ಕೆಡದಂತೆ ಕಾಪಾಡಬೇಕಾದರೆ ಬೇಕಾದ ಗಿಡವನ್ನು ಉಳಿದವುಗಳಿಂದ ದೂರವಿಡಬೇಕು, ಇಲ್ಲವೇ ತುದಿಕಾಂಡದ ತುಂಡುಗಳಿಂದ ಹೊಸ ಗಿಡ ಮಾಡಿಕೊಳ್ಳಬೇಕು.

## ಬಿತ್ತನೆಯ ಕಾಲ

ಬೀಜ ಚೆನ್ನಾಗಿ ಮೊಳೆಯಲು ಮಣ್ಣಿನ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. 18 ಡಿಗ್ರಿಗಿಂತ ಕೆಳಗಿಳಿದರೆ ಮೊಳಕೆ ತಡವಾಗುತ್ತದೆ, ಸಸಿಗಳು ಹಳದಿಯಾಗಿ ಬೆಳವಣಿಗೆ ನಿಲ್ಲಿಸುತ್ತವೆ. ಕರ್ನಾಟಕದ ಒಳನಾಡಿನಲ್ಲಿ ಫೆಬ್ರವರಿಯ ಕೊನೆಯಿಂದ ಏಪ್ರಿಲ್‌ವರೆಗಿನ ಅವಧಿ ಅನುಕೂಲಕರ. ಬೆಂಗಳೂರು, ಹಾಸನ, ಚಿಕ್ಕಮಗಳೂರಿನಂತಹ ಎತ್ತರದ ಊರುಗಳಲ್ಲಿ ಡಿಸೆಂಬರ್ ಮತ್ತು ಜನವರಿಯ ತಂಪು ರಾತ್ರಿಗಳು ಬಿತ್ತನೆಗೆ ಹೊಂದುವುದಿಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆಯಲ್ಲಿ ಬಯಲಿನ ಸಸಿಮಡಿ ಉಳಿಯುವುದು ಕಷ್ಟ. ಅಲ್ಲಿ ಮಳೆ ಇಳಿದ ಮೇಲೆ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಬಿತ್ತಬಹುದು. ಕಲಬುರಗಿ, ರಾಯಚೂರಿನಂತಹ ಬಿಸಿಲಿನ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಸಸಿಗಳಿಗೆ ಮಧ್ಯಾಹ್ನದ ನೆರಳು ಬೇಕಾಗುತ್ತದೆ.

## ಬಿತ್ತನೆಯ ವಿಧಾನ

### ಮಣ್ಣಿನ ಮಿಶ್ರಣ

ಸಸಿಗಳಿಗೆ ಹಗುರವಾದ, ನೀರು ನಿಲ್ಲದ ಮಿಶ್ರಣ ಬೇಕು. ಕೋಕೋಪೀಟ್, ತೊಳೆದ ಮರಳು ಮತ್ತು ಜರಡಿ ಹಿಡಿದ ಎರೆಹುಳು ಗೊಬ್ಬರವನ್ನು ಸಮವಾಗಿ ಬೆರೆಸಿದರೆ ಸಾಕಾಗುತ್ತದೆ. ಕೋಕೋಪೀಟ್ ಉಪ್ಪಿನಂಶದ್ದಾಗಿದ್ದರೆ ಮೊದಲು ಎರಡು ಮೂರು ಸಲ ನೀರಿನಲ್ಲಿ ತೊಳೆಯಬೇಕು. ಹಸಿ ಸಗಣಿ ಅಥವಾ ಪೂರ್ತಿ ಕೊಳೆಯದ ಕೊಟ್ಟಿಗೆ ಗೊಬ್ಬರ ಬೆರೆತ ಮಣ್ಣಿನಲ್ಲಿ ಶಿಲೀಂಧ್ರಗಳು ಹೆಚ್ಚುವುದರಿಂದ ಅದನ್ನು ಬಿತ್ತನೆಗೆ ಬಳಸಬಾರದು.

ಮಣ್ಣಿನ ರಸಸಾರ, ಅಂದರೆ ಪಿಎಚ್, 5.5ರಿಂದ 6ರ ಆಸುಪಾಸಿನಲ್ಲಿದ್ದರೆ ಗಿಡ ಚೆನ್ನಾಗಿ ಬೆಳೆಯುತ್ತದೆ. ಕ್ಷಾರ ಹೆಚ್ಚಾದರೆ ಬೇರುಗಳು ಕಬ್ಬಿಣದ ಅಂಶವನ್ನು ಹೀರಲಾರವು. ಆಗ ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಉತ್ತರ ಕರ್ನಾಟಕದ ಕಪ್ಪು ಮಣ್ಣಿನಲ್ಲಿ ಮತ್ತು ಗಡಸು ಬೋರ್‌ವೆಲ್ ನೀರು ಉಣಿಸುವ ಕುಂಡಗಳಲ್ಲಿ ಈ ಲಕ್ಷಣ ಕಾಣಬಹುದು. ಕೆಮ್ಮಣ್ಣು ಮತ್ತು ಮಳೆನೀರು ಇದಕ್ಕೆ ಹೆಚ್ಚು ಒಗ್ಗುತ್ತವೆ.

### ಬೀಜ ಹಾಕುವುದು

ಪ್ರೋಟ್ರೇ, ತಳದಲ್ಲಿ ತೂತಿರುವ ತಟ್ಟೆ ಅಥವಾ ಆಳವಿಲ್ಲದ ಕುಂಡದಲ್ಲಿ ಮಿಶ್ರಣವನ್ನು ತುಂಬಿ, ಮೊದಲೇ ನೀರು ಹಾಕಿ, ಹೆಚ್ಚಿನ ನೀರು ಬಸಿದುಹೋಗಲು ಬಿಡಬೇಕು. ಪ್ರೋಟ್ರೇಯ ಪ್ರತಿ ಕುಳಿಯಲ್ಲಿ ಒಂದು ಅಥವಾ ಎರಡು ಬೀಜ ಹಾಕಬೇಕು. ತಟ್ಟೆಯಲ್ಲಾದರೆ ಬೀಜವನ್ನು ಒಣಮರಳಿನೊಂದಿಗೆ ಬೆರೆಸಿ ಉದುರಿಸಿದರೆ ಗುಂಪುಗೂಡದೆ ಹರಡಿಕೊಳ್ಳುತ್ತದೆ. ಅನಂತರ ಮೇಲೆ 3ರಿಂದ 5 ಮಿ.ಮೀ. ದಪ್ಪಕ್ಕೆ ಅದೇ ಮಿಶ್ರಣವನ್ನು ಉದುರಿಸಿ ಅಂಗೈಯಿಂದ ಹಗುರವಾಗಿ ಒತ್ತಬೇಕು.

### ಕತ್ತಲೆಯ ಅಗತ್ಯ

ಅನೇಕ ಸಣ್ಣ ಬೀಜಗಳು ಮೊಳೆಯಲು ಬೆಳಕನ್ನು ಬಯಸುತ್ತವೆ. ಪೆಟೂನಿಯಾದಂತಹ ಹೂಗಳ ಬೀಜವನ್ನು ಮಣ್ಣಿನ ಮೇಲೆಯೇ ಉದುರಿಸಿ ಬಿಡುವುದು ಈ ಕಾರಣಕ್ಕೆ. ನಿತ್ಯಪುಷ್ಪದ್ದು ಇದಕ್ಕೆ ವಿರುದ್ಧ ಸ್ವಭಾವ: ಬೆಳಕು ಅದರ ಮೊಳಕೆಯನ್ನು ತಡೆಯುತ್ತದೆ. ಬೀಜ ಬೆಳಕಿನಲ್ಲಿದೆ ಎಂದರೆ ಒಣಗುವ ಮೇಲ್ಮಣ್ಣಿನಲ್ಲಿದೆ ಎಂದರ್ಥ. ಕತ್ತಲೆಯಲ್ಲಿದೆ ಎಂದರೆ ತೇವವಿರುವ ಸಂದಿಯೊಳಗೆ ಸೇರಿದೆ ಎಂದರ್ಥ. ಕಲ್ಲಿನ ಬಿರುಕಿನಲ್ಲಿ ಬಿದ್ದ ಬೀಜ ತಾನಾಗಿ ಹುಟ್ಟುವುದಕ್ಕೂ, ಕುಂಡದ ಮೇಲ್ಭಾಗದಲ್ಲಿ ಉದುರಿಸಿದ್ದು ಹುಟ್ಟದಿರುವುದಕ್ಕೂ ಈ ಸ್ವಭಾವವೇ ಕಾರಣವಾಗಿರುತ್ತದೆ.

ಆದ್ದರಿಂದ ಬಿತ್ತಿದ ತಟ್ಟೆಯ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ, ಗೋಣಿ ಅಥವಾ ಹಲವು ಪದರದ ವೃತ್ತಪತ್ರಿಕೆ ಹೊದಿಸಿ ನೆರಳಿನಲ್ಲಿಡಬೇಕು. ನಾಲ್ಕನೆಯ ದಿನದಿಂದ ಪ್ರತಿನಿತ್ಯ ಹೊದಿಕೆಯನ್ನೆತ್ತಿ ನೋಡಬೇಕು. ಮೊದಲ ಕೆಲವು ಮೊಳಕೆಗಳು ಮಣ್ಣನ್ನು ಸೀಳಿ ಬಂದ ಕೂಡಲೆ ಹೊದಿಕೆ ತೆಗೆದು ತಟ್ಟೆಯನ್ನು ಬೆಳಕಿಗೆ ತರಬೇಕು. ಇನ್ನೂ ಎರಡು ದಿನ ಕತ್ತಲೆಯಲ್ಲೇ ಉಳಿದರೆ ಸಸಿಗಳು ಬಿಳಿಚಿಕೊಂಡು ಸಪೂರವಾಗಿ ಉದ್ದಕ್ಕೆ ಬೆಳೆದು ಬಾಗುತ್ತವೆ.

### ಬೆಳವಣಿಗೆಯ ಹಂತಗಳು

ಬೆಚ್ಚಗಿನ ವಾತಾವರಣದಲ್ಲಿ ಬೆಳವಣಿಗೆ ಸ್ಥೂಲವಾಗಿ ಹೀಗಿರುತ್ತದೆ:

- 1ರಿಂದ 6ನೆಯ ದಿನ: ಬೀಜ ನೀರು ಹೀರಿ ಉಬ್ಬುತ್ತದೆ. ಪೂರ್ತಿ ಕತ್ತಲೆ, ಹದವಾದ ತೇವ.
- 7ರಿಂದ 14ನೆಯ ದಿನ: ಎರಡು ಬೀಜದಳಗಳು ಹೊರಬರುತ್ತವೆ. ಹೊದಿಕೆ ತೆಗೆದು ಎಳೆಬಿಸಿಲು ಕೊಡಬೇಕು.
- 3ರಿಂದ 4ನೆಯ ವಾರ: ನಿಜವಾದ ಎಲೆಗಳ ಮೊದಲ ಜೋಡಿ ಕಾಣಿಸುತ್ತದೆ. ನೀರನ್ನು ಮತ್ತಷ್ಟು ಮಿತಗೊಳಿಸಬೇಕು.
- 5ರಿಂದ 6ನೆಯ ವಾರ: ಎರಡು ಮೂರು ಜೋಡಿ ಎಲೆಗಳಾದ ಸಸಿಯನ್ನು ಚಿಕ್ಕ ಕುಂಡಕ್ಕೆ ಅಥವಾ ಪಾಲಿಥೀನ್ ಚೀಲಕ್ಕೆ ಬದಲಾಯಿಸಬಹುದು.
- 8ರಿಂದ 9ನೆಯ ವಾರ: ನೆಲದಲ್ಲಿ ಅಥವಾ ದೊಡ್ಡ ಕುಂಡದಲ್ಲಿ ನಾಟಿ.
- 11ರಿಂದ 14ನೆಯ ವಾರ: ಮೊದಲ ಹೂ.

### ಸಸಿಗಳ ಆರೈಕೆ

ಈ ಹಂತದಲ್ಲಿ ಸಸಿಗಳನ್ನು ಹೆಚ್ಚಾಗಿ ಕೊಲ್ಲುವುದು ಸಸಿ ಸಾಯುವ ರೋಗ. ಪಿಥಿಯಂ, ರೈಜೊಕ್ಟೋನಿಯಾ ಮುಂತಾದ ಮಣ್ಣಿನ ರೋಗಾಣುಗಳು ಕಾಂಡವನ್ನು ಮಣ್ಣಿನ ಮಟ್ಟದಲ್ಲಿ ಕೊಳೆಸುತ್ತವೆ; ಸಂಜೆ ನೆಟ್ಟಗಿದ್ದ ಸಸಿ ಬೆಳಗಾಗುವಷ್ಟರಲ್ಲಿ ಮಲಗಿರುತ್ತದೆ. ಒಮ್ಮೆ ಬಾಧೆಗೊಳಗಾದ ಸಸಿ ಚೇತರಿಸಿಕೊಳ್ಳುವುದಿಲ್ಲವಾದ್ದರಿಂದ ತಡೆಗಟ್ಟುವುದೇ ಉಪಾಯ. ಬೀಜವನ್ನು ದಟ್ಟವಾಗಿ ಬಿತ್ತಬಾರದು. ಮೇಲ್ಮಣ್ಣಿನ ಬಣ್ಣ ತಿಳಿಯಾದ ಮೇಲೆಯೇ ಮುಂದಿನ ನೀರು ಹಾಕಬೇಕು. ನೀರನ್ನು ಬೆಳಿಗ್ಗೆ ಹಾಕಬೇಕು. ತಟ್ಟೆಯನ್ನು ನೀರಿನಲ್ಲಿಟ್ಟು ತಳದಿಂದ ಹೀರಿಸುವುದು ಇನ್ನೂ ಒಳ್ಳೆಯದು. ಹಿಂದೆ ಬಳಸಿದ ತಟ್ಟೆಗಳನ್ನು ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಮಿಶ್ರಣಕ್ಕೆ ಟ್ರೈಕೋಡರ್ಮಾ ಎಂಬ ಉಪಯುಕ್ತ ಶಿಲೀಂಧ್ರದ ಪುಡಿಯನ್ನು ಬೆರೆಸುವ ಪದ್ಧತಿಯೂ ಇದೆ.

ಸಸಿಯನ್ನು ಕೀಳುವಾಗ ಕಾಂಡವನ್ನು ಹಿಡಿಯದೆ ಎಲೆಯನ್ನು ಹಿಡಿದು, ಬೇರಿನ ಮಣ್ಣು ಕಳಚದಂತೆ ಎತ್ತಬೇಕು. ಮೊದಲಿದ್ದ ಆಳಕ್ಕಿಂತ ಕೆಳಗೆ ಹೂತರೆ ಬುಡ ಕೊಳೆಯುತ್ತದೆ. ನಾಟಿಗೆ ಮುನ್ನ ಒಂದು ವಾರ ಸಸಿಗಳನ್ನು ಹಂತಹಂತವಾಗಿ ಬಿಸಿಲಿಗೆ ಒಡ್ಡಿ ಗಟ್ಟಿಮಾಡಬೇಕು.

## ನಾಟಿ ಮತ್ತು ನಿರ್ವಹಣೆ

ನಿತ್ಯಪುಷ್ಪಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ನೆರಳಿನಲ್ಲಿ ಗಿಡ ಉದ್ದವಾಗುತ್ತದೆ, ಹೂ ಕಡಿಮೆಯಾಗುತ್ತದೆ. ಹೂದೋಟದಲ್ಲಿ ಗಿಡದಿಂದ ಗಿಡಕ್ಕೆ 25ರಿಂದ 30 ಸೆಂ.ಮೀ. ಅಂತರ ಬಿಟ್ಟರೆ ಗಾಳಿಯಾಡಿ ರೋಗ ತಗ್ಗುತ್ತದೆ. ತಗ್ಗಿನ ಜಾಗದಲ್ಲಿ ನೆಡುವುದಾದರೆ ಏರುಮಡಿ ಮಾಡಬೇಕು.

ಬೇರೂರಿದ ಗಿಡ ಬರವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಲಿಗೆ ಎಲೆ ಮಡಚಿಕೊಂಡರೆ ನೀರು ಸುರಿಯಬೇಕಾಗಿಲ್ಲ. ಸಂಜೆಗೆ ಎಲೆ ತಾನೇ ಬಿಚ್ಚಿಕೊಳ್ಳುತ್ತದೆ. ಸಂಜೆಯಲ್ಲೂ ಬಾಡಿರುವ ಗಿಡದ ಮಣ್ಣನ್ನು ಬೆರಳಿನಿಂದ ನೋಡಬೇಕು. ಮಣ್ಣು ಒಣಗಿದ್ದರೆ ನೀರಿನ ಕೊರತೆ. ಹಸಿಯಾಗಿದ್ದರೆ ಬೇರು ಕೊಳೆಯುತ್ತಿರುವ ಸೂಚನೆ. ಗೊಬ್ಬರವೂ ಹಿತಮಿತವಾಗಿರಬೇಕು. ಸಾರಜನಕ ಹೆಚ್ಚಾದರೆ ಸೊಪ್ಪು ಬೆಳೆದು ಹೂ ಹಿಂದೆ ಬೀಳುತ್ತದೆ.

ಸಸಿ ಒಂದು ಗೇಣು ಎತ್ತರವಾದಾಗ ತುದಿ ಚಿವುಟಿದರೆ ಪಕ್ಕದ ಕೊಂಬೆಗಳು ಒಡೆದು ಗಿಡ ಪೊದೆಯಾಗುತ್ತದೆ. ಒಣಗಿದ ಹೂ ತಾನಾಗಿ ಉದುರುವುದರಿಂದ ಅದನ್ನು ಬಿಡಿಸುವ ಕೆಲಸವಿಲ್ಲ. ವರ್ಷಕ್ಕೊಮ್ಮೆ, ಬೇಸಗೆಯ ಆರಂಭದಲ್ಲಿ, ಮೂರನೆಯ ಒಂದು ಭಾಗದಷ್ಟು ಸವರಿದರೆ ಹೊಸ ಚಿಗುರು ಬರುತ್ತದೆ. ಎರಡು ಮೂರು ವರ್ಷಗಳಲ್ಲಿ ಬುಡ ಬೋಳಾಗಿ ಕಟ್ಟಿಗೆಯಾಗುವ ಗಿಡಗಳನ್ನು ತೆಗೆದು ಹೊಸ ಸಸಿಗಳನ್ನು ನೆಡುವುದು ರೂಢಿ.

## ರೋಗ ಮತ್ತು ಕೀಟಗಳು

ಮಳೆಗಾಲದಲ್ಲಿ ಫೈಟಾಫ್ಥೊರಾ ರೋಗಾಣುವಿನಿಂದ ಕೊಂಬೆಗಳು ತುದಿಯಿಂದ ಕಪ್ಪಾಗಿ ಒಣಗುತ್ತವೆ. ಮಳೆಹನಿಗಳು ಮಣ್ಣಿನಿಂದ ಎಲೆಗೆ ಸಿಡಿಸುವ ಕೊಚ್ಚೆಯೊಂದಿಗೆ ಈ ರೋಗ ಹರಡುತ್ತದೆ. ಬಾಧಿತ ಗಿಡವನ್ನು ಬೇರುಸಹಿತ ಕಿತ್ತು ಹಾಕಿ, ಅದೇ ಜಾಗದಲ್ಲಿ ಮರುವರ್ಷ ನಿತ್ಯಪುಷ್ಪವನ್ನು ನೆಡದಿರುವುದು ಉತ್ತಮ. ಬುಡದ ಸುತ್ತ ತರಗೆಲೆಯ ಹೊದಿಕೆ ಹಾಕಿದರೆ ಮಣ್ಣು ಸಿಡಿಯುವುದು ತಗ್ಗುತ್ತದೆ.

ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಗಳ ಸೋಂಕು ತಗುಲಿದರೆ ಎಲೆಗಳು ಕಿರಿದಾಗಿ ಗೊಂಚಲುಗಟ್ಟುತ್ತವೆ, ಎಸಳುಗಳು ಹಸಿರಾಗಿ ಹೂವೇ ಎಲೆಯಂತಾಗುತ್ತದೆ. ಇದನ್ನು ಜಿಗಿಹುಳುಗಳು ಹರಡುತ್ತವೆ. ಲಕ್ಷಣಗಳು ಸ್ಪಷ್ಟವಾಗಿ ಕಾಣುವುದರಿಂದ ಈ ಸೂಕ್ಷ್ಮಜೀವಿಗಳ ಅಧ್ಯಯನಕ್ಕೆ ಪ್ರಯೋಗಾಲಯಗಳಲ್ಲಿ ನಿತ್ಯಪುಷ್ಪವನ್ನೇ ಬಳಸುತ್ತಾರೆ. ಸೋಂಕು ತಗುಲಿದ ಗಿಡದ ಕಾಂಡದಿಂದ ಮಾಡಿದ ಹೊಸ ಗಿಡಕ್ಕೂ ರೋಗ ಬರುತ್ತದೆ; ಬೀಜದ ಮೂಲಕ ಅದು ಸಾಮಾನ್ಯವಾಗಿ ಹರಡುವುದಿಲ್ಲ. ಕಾಂಡಕ್ಕಿಂತ ಬೀಜದಿಂದ ಬೆಳೆಸುವುದರ ಒಂದು ಅನುಕೂಲ ಇದು. ಹಿಟ್ಟು ತಿಗಣೆ, ನುಸಿ ಮತ್ತು ಬಿಳಿನೊಣಗಳ ಬಾಧೆಯೂ ಆಗಾಗ ಕಾಣುತ್ತದೆ.

## ತಳಿಗಳು

ತೋಟದ ನಿತ್ಯಪುಷ್ಪದಲ್ಲಿ ದೀರ್ಘಕಾಲ ಬಿಳಿ, ಗುಲಾಬಿ ಮತ್ತು ಕೆಂಪು ಕಣ್ಣಿನ ಬಿಳಿ ಬಣ್ಣಗಳೇ ಪ್ರಧಾನವಾಗಿದ್ದವು. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ರೊನಾಲ್ಡ್ ಪಾರ್ಕರ್ ಮಡಗಾಸ್ಕರ್‌ನ ಸಂಬಂಧಿ ಪ್ರಭೇದಗಳನ್ನು ಬಳಸಿ ಹೊಸ ಬಣ್ಣಗಳ ದೊಡ್ಡ ಹೂಗಳನ್ನು ರೂಪಿಸಿದರು. 1991ರಲ್ಲಿ ಪ್ಯಾರಸೋಲ್, ಪ್ರೆಟಿ ಇನ್ ಪಿಂಕ್ ಮತ್ತು ಪ್ರೆಟಿ ಇನ್ ರೋಸ್ ತಳಿಗಳಿಗೆ ಆಲ್ ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿ ದೊರೆಯಿತು. ಆ ಬಳಿಕ ಕಡುಗೆಂಪು, ಕಿತ್ತಳೆ ಛಾಯೆ ಮತ್ತು ನೇರಳೆ ಬಣ್ಣದ ತಳಿಗಳೂ ಇಳಿಬೀಳುವ ತೂಗುಕುಂಡದ ತಳಿಗಳೂ ಬಂದವು. ಕೋರಾ ಸರಣಿಯ ತಳಿಗಳು ಫೈಟಾಫ್ಥೊರಾ ರೋಗವನ್ನು ತಡೆದುಕೊಳ್ಳುತ್ತವೆ. ಭಾರತದಲ್ಲಿ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯು ಔಷಧ ಬೆಳೆಗಾಗಿ ನಿರ್ಮಲ್, ಧವಲ್ ಮುಂತಾದ ತಳಿಗಳನ್ನು ಅಭಿವೃದ್ಧಿಪಡಿಸಿದೆ.

## ಔಷಧ ಬೆಳೆಯಾಗಿ

ನಿತ್ಯಪುಷ್ಪದ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಬಳಸುವ ಜಾನಪದ ಪದ್ಧತಿ ಹಲವು ದೇಶಗಳಲ್ಲಿತ್ತು. 1952ರಲ್ಲಿ ಜಮೈಕಾದಿಂದ ಬಂದ ಇಂತಹ ಎಲೆಗಳು ಕೆನಡಾದ ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾಲಯದ ರಾಬರ್ಟ್ ನೋಬಲ್ ಅವರ ಕೈಸೇರಿದವು. ಪ್ರಯೋಗದಲ್ಲಿ ಎಲೆಯ ಸಾರ ರಕ್ತದ ಸಕ್ಕರೆಯನ್ನು ತಗ್ಗಿಸಲಿಲ್ಲ. ಆದರೆ ಪ್ರಾಣಿಗಳ ಬಿಳಿ ರಕ್ತಕಣಗಳನ್ನು ತೀವ್ರವಾಗಿ ಕುಗ್ಗಿಸಿತು. ಈ ಸುಳಿವನ್ನು ಹಿಡಿದು ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1958ರಲ್ಲಿ ವಿನ್‌ಬ್ಲಾಸ್ಟೀನ್ ಎಂಬ ಕ್ಷಾರಾಭವನ್ನು ಬೇರ್ಪಡಿಸಿದ ವರದಿ ನೀಡಿದರು. ಅದೇ ಕಾಲದಲ್ಲಿ ಅಮೆರಿಕದ ಎಲಿ ಲಿಲ್ಲಿ ಕಂಪನಿಯ ಗಾರ್ಡನ್ ಸ್ವೊಬೊಡಾ ಮತ್ತು ಸಂಗಡಿಗರು ಇದೇ ಗಿಡವನ್ನು ಪರೀಕ್ಷಿಸುತ್ತಿದ್ದರು. ವಿನ್‌ಕ್ರಿಸ್ಟೀನ್ ಅವರಿಂದ ದೊರೆಯಿತು. ಅಮೆರಿಕದಲ್ಲಿ 1963ರಲ್ಲಿ ಅದರ ಬಳಕೆಗೆ ಅನುಮತಿ ಸಿಕ್ಕಿತು.

ಈ ಎರಡೂ ವಸ್ತುಗಳು ಜೀವಕೋಶ ವಿಭಜನೆಗೆ ಬೇಕಾದ ಸೂಕ್ಷ್ಮನಾಳಗಳು ರೂಪುಗೊಳ್ಳದಂತೆ ತಡೆಯುತ್ತವೆ. ಬೇಗ ಬೇಗ ವಿಭಜನೆಯಾಗುವ ಕ್ಯಾನ್ಸರ್ ಕೋಶಗಳು ಇದರಿಂದ ಸಾಯುತ್ತವೆ. ವಿನ್‌ಕ್ರಿಸ್ಟೀನ್ ಮಕ್ಕಳ ರಕ್ತದ ಕ್ಯಾನ್ಸರಿಗೂ, ವಿನ್‌ಬ್ಲಾಸ್ಟೀನ್ ಹಾಜ್‌ಕಿನ್ ಲಿಂಫೋಮಾ ಮುಂತಾದವುಗಳಿಗೂ ಬಳಕೆಯಲ್ಲಿವೆ. ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿವೆ. ಗಿಡದಲ್ಲಿ ಇವುಗಳ ಪ್ರಮಾಣ ಅತ್ಯಲ್ಪ. ಒಂದು ಗ್ರಾಂ ವಿನ್‌ಬ್ಲಾಸ್ಟೀನ್ ಪಡೆಯಲು ಸುಮಾರು 500 ಕಿಲೋಗ್ರಾಂ ಒಣ ಎಲೆ ಬೇಕಾಗುತ್ತದೆ. ಇವುಗಳ ತಯಾರಿಕೆಗೆ ಬೇಕಾದ ವಿಂಡೋಲಿನ್ ಮತ್ತು ಕ್ಯಾಥರಾಂಥಿನ್ ಎಂಬ ಮೂಲವಸ್ತುಗಳನ್ನು ಯೀಸ್ಟ್ ಕೋಶಗಳಿಂದ ಪಡೆದ ಸಂಶೋಧನೆ 2022ರಲ್ಲಿ ಪ್ರಕಟವಾಯಿತು. ಬೇರಿನಲ್ಲಿರುವ ಅಜ್ಮಲಿಸಿನ್ ರಕ್ತಪರಿಚಲನೆಗೆ ಸಂಬಂಧಿಸಿದ ಔಷಧಗಳಲ್ಲಿ ಬಳಕೆಯಾಗುತ್ತದೆ.

ಹೊಲದಲ್ಲಿ ಔಷಧ ಬೆಳೆಯಾಗಿ ಬೆಳೆಸುವಾಗಲೂ ಬೀಜವೇ ಆಧಾರ. ನೇರ ಬಿತ್ತನೆಗೆ ಹೆಕ್ಟೇರಿಗೆ ಸುಮಾರು 2.5 ಕಿಲೋಗ್ರಾಂ ಬೀಜವನ್ನು ಅದರ ಹತ್ತು ಪಟ್ಟು ಮರಳಿನೊಂದಿಗೆ ಬೆರೆಸಿ ಮುಂಗಾರಿನ ಆರಂಭದಲ್ಲಿ ಬಿತ್ತುತ್ತಾರೆ. ಸಸಿ ಮಾಡಿ ನೆಡುವುದಾದರೆ ಸುಮಾರು 500 ಗ್ರಾಂ ಸಾಕು. ಎರಡು ತಿಂಗಳ ಸಸಿಗಳನ್ನು 45 × 30 ಸೆಂ.ಮೀ. ಅಂತರದಲ್ಲಿ ನೆಡುತ್ತಾರೆ. ಆರನೆಯ ಮತ್ತು ಒಂಬತ್ತನೆಯ ತಿಂಗಳಲ್ಲಿ ಎಲೆ ಬಿಡಿಸಿ, ವರ್ಷದ ಕೊನೆಯಲ್ಲಿ ಗಿಡವನ್ನು ಕಿತ್ತು ಬೇರನ್ನು ಒಣಗಿಸುತ್ತಾರೆ.

## ವಿಷಕಾರಿ ಗುಣ ಮತ್ತು ಎಚ್ಚರಿಕೆ

ನಿತ್ಯಪುಷ್ಪದ ಎಲೆ, ಹೂ, ಕಾಂಡ, ಬೇರು, ಬೀಜ ಎಲ್ಲವೂ ಸೇವಿಸಿದರೆ ವಿಷಕಾರಿ. ಬಿಳಿ ರಕ್ತಕಣಗಳನ್ನು ಕುಗ್ಗಿಸುವ, ನರಗಳಿಗೆ ಹಾನಿಮಾಡುವ ವಸ್ತುಗಳು ಇದರಲ್ಲಿವೆ. ಶುದ್ಧೀಕರಿಸಿದ ಔಷಧವನ್ನು ಆಸ್ಪತ್ರೆಯಲ್ಲಿ ಅಳತೆ ಮಾಡಿ ರಕ್ತನಾಳದ ಮೂಲಕ ಮಾತ್ರ ಕೊಡುತ್ತಾರೆ, ಆಗಾಗ ರಕ್ತಪರೀಕ್ಷೆ ನಡೆಸುತ್ತಾರೆ. ಮನೆಯಲ್ಲಿ ಎಲೆ ಅಗಿದು ಅಥವಾ ಹೂವಿನ ಕಷಾಯ ಕುಡಿದು ಈ ಫಲವನ್ನು ಪಡೆಯಲಾಗದು. ಎಲೆಯಿಂದ ಎಲೆಗೆ ವಿಷದ ಪ್ರಮಾಣ ಬದಲಾಗುವುದರಿಂದ ಅಳತೆಯೂ ಸಾಧ್ಯವಿಲ್ಲ. ಸಕ್ಕರೆ ಕಾಯಿಲೆಯವರು ವೈದ್ಯರು ಕೊಟ್ಟ ಮಾತ್ರೆ ಅಥವಾ ಇನ್ಸುಲಿನ್ ಬಿಟ್ಟು ಇದನ್ನು ಸೇವಿಸುವುದು ಅಪಾಯಕರ. ಗರ್ಭಿಣಿಯರಿಗೆ ಇದು ನಿಷಿದ್ಧ.

ತೋಟದಲ್ಲಿ ಗಿಡವನ್ನು ಮುಟ್ಟುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಸವರುವಾಗ ಹಾಲಿನಂತಹ ರಸ ಕಣ್ಣಿಗೆ ತಾಗದಂತೆ ನೋಡಿಕೊಂಡು, ಕೆಲಸ ಮುಗಿದ ಮೇಲೆ ಕೈ ತೊಳೆಯಬೇಕು. ಕಿತ್ತ ಗಿಡಗಳನ್ನು ದನಕರು, ಆಡುಗಳ ಮೇವಿಗೆ ಹಾಕಬಾರದು. ಬಿತ್ತನೆಗೆಂದು ಉಳಿಸಿದ ಬೀಜದ ಸೀಸೆಯನ್ನು ಸಾಸಿವೆ, ಕಸಕಸೆಗಳಂತಹ ಅಡುಗೆ ಸಾಮಾನಿನೊಂದಿಗೆ ಇಡದೆ, ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡುವುದು ಅವಶ್ಯಕ.